ಅಮಲಿನ ಸವಾರಿಯೂ ಅರಿವಿನ ಹೊಣೆಯೂ

ಜಾಲಹಳ್ಳಿಯ ಸುತ್ತಣ ಪ್ರದೇಶವು ಕಾಯಕಜೀವಿಗಳ ನೆಲೆ. 1953ರಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು ಸ್ಥಾಪಿತವಾದ ಮೇಲೆ ಪಾಳಿ ಬಿಡುವ ಹೊತ್ತಿಗೆ ಅಲ್ಲಿನ ಬೀದಿಗಳು ಸೈಕಲ್ಲುಗಳಿಂದ ತುಂಬುತ್ತಿದ್ದವು. ಈಗ ಮೋಟಾರು ವಾಹನಗಳದೇ ಪ್ರಾಬಲ್ಯವಾದರೂ, ಪೀಣ್ಯದ ಕಾರ್ಖಾನೆಗಳಿಗೆ ಸೈಕಲ್ಲಿನಲ್ಲಿ ಹೋಗಿಬರುವವರು ಇಲ್ಲದಿಲ್ಲ. ಅಂತಹವನೊಬ್ಬನು ಸಂಜೆ ಮದ್ಯವನ್ನು ಸೇವಿಸಿ, ‘ಮೋಟಾರು ಸೈಕಲ್ಲನ್ನು ಏರಿದರಲ್ಲವೆ ಪೊಲೀಸರು ಉಸಿರನ್ನು ಪರೀಕ್ಷಿಸುವುದು? ಇದು ಬರಿಯ ತುಳಿಯುವ ಗಾಡಿ, ಇದಕ್ಕಾವ ಕಾನೂನು?’ ಎಂದು ಮನೆಯ ಕಡೆಗೆ ಹೊರಟನೆಂದು ಊಹಿಸಬಹುದು. ಅವನ ಮಾತು ಎಷ್ಟರಮಟ್ಟಿಗೆ ನಿಜ?

ಅರ್ಧ ನಿಜ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ, ಚಾಲಕನ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಕಂಡುಬಂದರೆ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ ಉಂಟು. ಈ ಕಲಮು ಯಂತ್ರಬಲದಿಂದ ಚಲಿಸುವ ವಾಹನಕ್ಕೆ ಮಾತ್ರ ಸಂಬಂಧಿಸಿದುದರಿಂದ ತುಳಿಯುವ ಸೈಕಲ್ಲು ಅದರ ವ್ಯಾಪ್ತಿಗೆ ಬಾರದು. ಇಲ್ಲಿಗೆ ಸವಾರನ ತಿಳಿವಳಿಕೆ ಮುಗಿಯಿತು; ಕಾನೂನು ಮುಗಿಯಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮು ‘ವಾಹನ’ವೆನ್ನುತ್ತದೆಯೇ ಹೊರತು ‘ಮೋಟಾರು ವಾಹನ’ವೆನ್ನುವುದಿಲ್ಲ. ಸಾರ್ವಜನಿಕ ದಾರಿಯಲ್ಲಿ ಪ್ರಾಣಾಪಾಯವಾಗುವಂತೆ ದುಡುಕಿನಿಂದಲೋ ಅಲಕ್ಷ್ಯದಿಂದಲೋ ಅದನ್ನು ನಡೆಸಿದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 1,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಅಲಕ್ಷ್ಯದಿಂದ ಒಬ್ಬರ ಪ್ರಾಣವೇ ಹೋದರೆ 106ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆಯೂ ದಂಡವೂ ಕಾದಿವೆ. ಅಮಲಿನಲ್ಲಿ ಬೀದಿಗೆ ಬಂದು ಜನರಿಗೆ ಕಿರುಕುಳವಾಗುವಂತೆ ವರ್ತಿಸಿದವನಿಗೆ 355ನೆಯ ಕಲಮು ಇಪ್ಪತ್ತನಾಲ್ಕು ಗಂಟೆಗಳವರೆಗಿನ ಸಾದಾ ಸೆರೆಯನ್ನೋ ದಂಡವನ್ನೋ ಸಮುದಾಯಸೇವೆಯನ್ನೋ ಹೇಳುತ್ತದೆ. (ದಂಡನೆಯಾಗಿ ಬಂದ ಸೇವೆಯನ್ನು ದಾಸೋಹವೆನ್ನಲಾಗದು, ಆದರೂ ಸೆರೆಮನೆಗಿಂತ ಅದು ಲೇಸು.) ಜಪಾನ್ ದೇಶವಾದರೋ 2024ರ ನವೆಂಬರಿನಿಂದ ಮದ್ಯ ಸೇವಿಸಿದ ಸೈಕಲ್ ಸವಾರನಿಗೇ ಮೂರು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿದೆ. ನಮ್ಮಲ್ಲಿ ಮೋಟಾರು ಚಾಲಕನ ದೋಷವನ್ನು ಅಳತೆಯೇ ತೀರ್ಮಾನಿಸುತ್ತದೆ. ಸೈಕಲ್ ಸವಾರನ ದೋಷವು ಅವನ ನಡತೆಯಿಂದ ಹೊರಬೀಳುವವರೆಗೆ ಕಾನೂನು ಕಾಯುತ್ತದೆ.

ಕಾನೂನಿನಲ್ಲಿ ಇಂತಹ ಸಂದನ್ನು ಹುಡುಕುವವನು ವಚನದಲ್ಲಿಯೂ ಹುಡುಕಬಲ್ಲನು. ಮನೆಮನೆಯಲ್ಲಿ ಮಕ್ಕಳಿಗೆ ಕಲಿಸುವ ಬಸವಣ್ಣನವರ ಏಳು ನಿಷೇಧಗಳ ವಚನದಲ್ಲಿ ಕಳವು, ಕೊಲೆ, ಹುಸಿ, ಕೋಪ ಮೊದಲಾದವುಗಳ ಮಾತುಂಟು, ಮದ್ಯದ ಮಾತಿಲ್ಲ. ಆದ್ದರಿಂದ ಕುಡಿಯಲು ಅಪ್ಪಣೆಯಾಯಿತೆ? ಆ ವಚನವು ಅಪರಾಧಗಳ ಪಟ್ಟಿಯಲ್ಲ, ಒಳಹೊರಗುಗಳ ಶುದ್ಧಿಯ ಮಾರ್ಗ. ಆ ಏಳನ್ನೂ ಪಾಲಿಸಲು ಬೇಕಾದ ಎಚ್ಚರವನ್ನೇ ಮದ್ಯವು ಮೊದಲು ಕಸಿದುಕೊಳ್ಳುತ್ತದೆ.

‘ಆಗ ನನಗೆ ಅರಿವಿರಲಿಲ್ಲ’ ಎಂಬುದು ಕುಡಿದವನ ಕೊನೆಯ ಆಶ್ರಯ. ಇಲ್ಲಿ ನ್ಯಾಯ ಸಂಹಿತೆಯೂ ಶರಣಮಾರ್ಗವೂ ಅಚ್ಚರಿಯಾಗುವಷ್ಟು ಸಮೀಪಕ್ಕೆ ಬರುತ್ತವೆ. ತಾನರಿಯದೆ, ಇಲ್ಲವೆ ತನ್ನ ಇಚ್ಛೆಗೆ ವಿರುದ್ಧವಾಗಿ ಅಮಲೇರಿ, ಮಾಡುವುದೇನೆಂದು ತಿಳಿಯಲಾರದಾದವನಿಗೆ ಮಾತ್ರ ಸಂಹಿತೆಯ 23ನೆಯ ಕಲಮು ರಕ್ಷಣೆಯನ್ನು ಕೊಡುತ್ತದೆ. ತಾನೇ ಕುಡಿದವನಿಗೆ ಕೊಡುವುದಿಲ್ಲ. ಏಕೆಂದರೆ ಅರಿವನ್ನು ಕಳೆದುಕೊಳ್ಳುವ ನಿರ್ಧಾರವನ್ನು ಅವನು ಅರಿವಿದ್ದಾಗಲೇ ಮಾಡಿದನು. ದೋಷವು ಸೈಕಲ್ಲಿನ ಮೇಲೆ ಹುಟ್ಟಿದ್ದಲ್ಲ; ಸೈಕಲ್ಲು ಹೊರಗಿದೆಯೆಂದು ತಿಳಿದೂ ಬಟ್ಟಲಿಗೆ ಕೈಚಾಚಿದಾಗ ಹುಟ್ಟಿದ್ದು. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದವನು ಆ ಗಳಿಗೆಯಲ್ಲಿ ಅದನ್ನು ಮರೆತಿದ್ದನೆಂದು ಹೇಳುವುದು ಸಮರ್ಥನೆಯಾಗದು.

ಸೈಕಲ್ಲಿನ ವೇಗವೂ ಭಾರವೂ ಕಡಿಮೆ, ಪರರಿಗೆ ಆಗಬಹುದಾದ ಹಾನಿಯೂ ಕಡಿಮೆ ಎಂಬುದನ್ನು ಒಪ್ಪಲೇಬೇಕು. ಆದರೆ ಅಡ್ಡಾದಿಡ್ಡಿಯಾಗಿ ಬಂದ ಸವಾರನನ್ನು ಉಳಿಸಲು ಲಾರಿಯವನು ಚಕ್ರವನ್ನು ತಿರುಗಿಸಿದಾಗ ಪಕ್ಕದಲ್ಲಿ ಯಾರಿರುವರೋ! ಸವಾರನೇ ಮಡಿದರೆ, ಅಪಘಾತದಲ್ಲಿ ಅವನ ಅಲಕ್ಷ್ಯದ ಪಾಲೂ ಇತ್ತೆಂದು ನ್ಯಾಯಮಂಡಲಿ ಕಂಡಲ್ಲಿ ಹೆಂಡತಿ ಮಕ್ಕಳಿಗೆ ಬರುವ ಪರಿಹಾರ ಅಷ್ಟರಮಟ್ಟಿಗೆ ಕಡಿತವಾಗುತ್ತದೆ. ಕುಡಿದವನೊಬ್ಬ, ಕಡಿತವನ್ನು ಉಣ್ಣುವವರು ಮನೆಯವರು.

ಹೀಗೆಂದು ಕುಡುಕನನ್ನು ಹೀಗಳೆದು ದೂರಮಾಡುವುದು ಶರಣರ ದಾರಿಯಲ್ಲ. ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನವರನ್ನೂ ಕಲ್ಯಾಣದ ಶರಣಸಂಕುಲವು ತನ್ನವರೆಂದು ಕಂಡಿತು. ಅವರ ವಚನಗಳು ಇಂದಿಗೂ ಉಳಿದಿವೆ. ಜೊತೆಗಾರನು ತೂರಾಡುತ್ತ ಸೈಕಲ್ಲಿನ ಕಡೆ ನಡೆದಾಗ ನಕ್ಕು ಕಳುಹಿಸುವವರು ಪಂಚಾಚಾರಗಳಲ್ಲಿ ಗಣಾಚಾರವೂ ಒಂದೆಂಬುದನ್ನು ನೆನೆಯಬೇಕು. ಬೀಗದ ಕೈಯನ್ನು ಅವನಿಂದ ತೆಗೆದುಕೊಂಡು, ಸೈಕಲ್ಲನ್ನು ಕಾರ್ಖಾನೆಯ ಬಾಗಿಲಲ್ಲಿ ಬಿಡಿಸಿ, ಮನೆಯವರೆಗೆ ಜೊತೆಯಲ್ಲಿ ನಡೆದುಹೋಗಲು ಯಾವ ಕಲಮಿನ ಅಪ್ಪಣೆಯೂ ಬೇಕಿಲ್ಲ.