ಹೆಸರು ಕೆಟ್ಟವರ ಚರಿತ್ರೆ

ಬೆಳಗಾವಿಯ ಗ್ರಂಥಾಲಯದ ಕಪಾಟಿನಲ್ಲಿ ಎರಡು ಜೀವನಚರಿತ್ರೆಗಳು ಅಕ್ಕಪಕ್ಕ ಇದ್ದವು. ಒಂದು ಅಬ್ರಹಾಂ ಲಿಂಕನ್ನನದು. ಇನ್ನೊಂದು ಅವನಿಗಿಂತ ಮೊದಲು ಅಮೆರಿಕದ ಅಧ್ಯಕ್ಷನಾಗಿದ್ದ ಜೇಮ್ಸ್ ಬುಕ್ಯಾನನ್‌ನದು. ಇತಿಹಾಸಕಾರರು ಅಧ್ಯಕ್ಷರ ಯೋಗ್ಯತೆ ಅಳೆದಾಗಲೆಲ್ಲ ಬುಕ್ಯಾನನ್ ಕೊನೆಯ ಸಾಲಿನವನು. ನಾನು ಅವನನ್ನೇ ಆರಿಸಿ ಖಾನಾಪುರದ ಮನೆಗೆ ತಂದೆ.

ಅಪ್ಪ ಪುಸ್ತಕ ತಿರುವಿ ನೋಡಿ ಕೇಳಿದರು: "ಅಲ್ಲೋ, ಹೆಸರು ಕೆಡಿಸ್ಕೊಂಡವನ ಚರಿತ್ರಿ ಓದಿ ಏನ ಮಾಡ್ತಿ? ಲಿಂಕನ್ನಂದು ಸಿಗಲಿಲ್ಲೇನ?"

ಪ್ರಶ್ನೆ ಸಣ್ಣದಲ್ಲ. ನಮ್ಮ ತಾಲ್ಲೂಕಿನ ನಂದಗಡದಲ್ಲಿ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅಲ್ಲಿನ ಆಲದ ಮರಕ್ಕೆ ಜನ ಇಂದಿಗೂ ಹರಕೆ ಹೊರುತ್ತಾರೆ. ರಾಯಣ್ಣನ ಬದುಕು ನಮಗೆ ಬಾಯಿಪಾಠ. ಕಿತ್ತೂರಿನ ಮಲ್ಲಪ್ಪಶೆಟ್ಟಿಯ ಹೆಸರೂ ಗೊತ್ತು. ಆದರೆ ಅವನ ಬದುಕು 'ದ್ರೋಹಿ' ಎಂಬ ಒಂದೇ ಶಬ್ದದಲ್ಲಿ ಮುಗಿದುಹೋಗುತ್ತದೆ. ಕೆಟ್ಟವನಿಗೆ ಚರಿತ್ರೆ ಬರೆದರೆ ಅವನ ತಪ್ಪಿಗೆ ಮಾಫಿ ಕೊಟ್ಟಂತಾಗುತ್ತದೆ ಎಂಬ ಅಂಜಿಕೆ ನಮಗಿದೆ. ಆ ಅಂಜಿಕೆ ಪೂರ್ತಿ ಸುಳ್ಳೂ ಅಲ್ಲ.

ಬುಕ್ಯಾನನ್ ದಡ್ಡನಾಗಿರಲಿಲ್ಲ. ಸಂಸದ, ರಷ್ಯಾ ಮತ್ತು ಬ್ರಿಟನ್‌ಗಳಲ್ಲಿ ರಾಯಭಾರಿ, ವಿದೇಶಾಂಗ ಮಂತ್ರಿ, ಇಷ್ಟೆಲ್ಲ ಆಗಿ 1857ರಲ್ಲಿ ಅಧ್ಯಕ್ಷನಾದವನು. 1860ರ ಡಿಸೆಂಬರಿನಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಡಲು ಹೊರಟಾಗ ಅವನು ಹೇಳಿದ್ದಿಷ್ಟು: ಬಿಟ್ಟುಹೋಗುವ ಹಕ್ಕು ಅವುಗಳಿಗಿಲ್ಲ, ಬಲವಂತವಾಗಿ ತಡೆಯುವ ಅಧಿಕಾರ ಸರ್ಕಾರಕ್ಕೂ ಇಲ್ಲ. ಲಿಂಕನ್ ಅಧಿಕಾರ ವಹಿಸಿಕೊಳ್ಳುವ ಹೊತ್ತಿಗೆ 7 ರಾಜ್ಯಗಳು ಹೋಗಿಯಾಗಿತ್ತು.

ಈ ಪುಟ ಓದುವಾಗ ನನಗೆ ಹೋದ ವರ್ಷದ ಒಂದು ಮಧ್ಯಾಹ್ನ ನೆನಪಾಯಿತು. ಕಿರಿಯ ಸಂಶೋಧಕಿಯೊಬ್ಬಳು ಹಳ್ಳಿಹಳ್ಳಿ ಅಲೆದು ಕೂಡಿಸಿದ ಮಾಹಿತಿ ಬೇರೊಬ್ಬರ ಹೆಸರಿನಲ್ಲಿ ಅಚ್ಚಾಗಿತ್ತು. ಅವಳು ದುಡಿದದ್ದನ್ನು ಕಣ್ಣಾರೆ ಕಂಡವನು ನಾನು. ದೂರಿಗೆ ಸಾಕ್ಷಿಯಾಗಿ ಸಹಿ ಹಾಕಿರೆಂದು ಕೇಳಿದಳು. "ಆದದ್ದು ತಪ್ಪೇ. ಆದರೆ ಅದು ನನ್ನ ವ್ಯಾಪ್ತಿಗೆ ಬರೋದಿಲ್ಲ" ಅಂದೆ. ಅವಳು ಕಾಗದ ಮಡಚಿಕೊಂಡು ಹೋದಳು.

ಲಿಂಕನ್ನನ ಚರಿತ್ರೆ ಓದಿದ್ದರೆ ನನ್ನನ್ನು ನಾನು ಲಿಂಕನ್ನನ ಪಕ್ಕದಲ್ಲಿ ನಿಲ್ಲಿಸಿಕೊಂಡು ಖುಷಿಪಡುತ್ತಿದ್ದೆ. ರಾಯಣ್ಣನ ಕಥೆ ಕೇಳುವಾಗಲೂ ನಾವೆಲ್ಲ ರಾಯಣ್ಣನ ಕಡೆಯವರೇ. ಕೆಟ್ಟವನನ್ನು ಒಂದು ಶಬ್ದಕ್ಕೆ ಇಳಿಸಿಬಿಟ್ಟರೆ ನಮಗೂ ಅವನಿಗೂ ಸಂಬಂಧವಿಲ್ಲವೆಂದು ನೆಮ್ಮದಿಯಿಂದ ಇರಬಹುದು. ಪೂರ್ತಿ ಬದುಕು ಓದಿದರೆ ಆ ನೆಮ್ಮದಿ ಉಳಿಯುವುದಿಲ್ಲ. ಬುಕ್ಯಾನನ್‌ನನ್ನು ನಾನು ಕ್ಷಮಿಸಿಲ್ಲ. ಅವನ ಮಾತು ನನ್ನ ಬಾಯಲ್ಲೂ ಬಂದಿತ್ತೆಂದು ತಿಳಿಯಿತು, ಅಷ್ಟೇ.

ಅಪ್ಪನಿಗೆ ಇದನ್ನೆಲ್ಲ ಹೇಳಲಾಗಲಿಲ್ಲ. ಮರುದಿನ ಬೆಳಗಾವಿ ಬಸ್ಸಿನಲ್ಲಿ ಕೂತು ಆ ಹುಡುಗಿಗೆ ಫೋನು ಮಾಡಿದೆ. ಸಹಿ ಹಾಕುತ್ತೇನೆ ಅಂದೆ. "ಈಗ್ಯಾಕ್ರಿ ಸರ್?" ಅಂತ ಕೇಳಿದಳು.