ಉಸಿರಿನ ದಾರಿ ಮತ್ತು ಉಪಕರಣದ ಮೋಹ

ಜೈನ ಶಾಸ್ತ್ರಕಾರರು ಜೀವಿಯ ದಶಪ್ರಾಣಗಳನ್ನು ಎಣಿಸುವಾಗ ಐದು ಇಂದ್ರಿಯಗಳು, ಮನ-ವಚನ-ಕಾಯಗಳೆಂಬ ಮೂರು ಬಲಗಳು, ಆಯುಸ್ಸು ಇವುಗಳೊಡನೆ ಶ್ವಾಸೋಚ್ಛ್ವಾಸವನ್ನೂ ಒಂದು ಪ್ರಾಣವೆಂದು ಪ್ರತ್ಯೇಕವಾಗಿ ಹೇಳಿದ್ದಾರೆ. ಇದೊಂದು ನಿಂತರೆ ಉಳಿದವು ಕೆಲವೇ ನಿಮಿಷಗಳಲ್ಲಿ ಅದರ ಹಿಂದೆಯೇ ಹೊರಡುತ್ತವೆ. ಆದಕಾರಣ, ಆಂಬುಲೆನ್ಸಿನಲ್ಲಿ ರೋಗಿಯ ಉಸಿರನ್ನು ಕಾಯುವವನು ಯಾವ ಉಪಕರಣವನ್ನು ಕೈಗೆತ್ತಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ವೈದ್ಯಕೀಯದವರ ಒಳಚರ್ಚೆಯೆಂದು ಬದಿಗಿಡುವಂತಿಲ್ಲ.

ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವಣ ಹದಿನಾರು ಗ್ರಾಮವನ್ನು ಜನ ಮೈಸೂರು ಅರಸುಮನೆತನದ ಮೂಲಕಥೆಯಿಂದಲೂ ಅಲ್ಲಿನ ಕೆರೆಗೆ ಬರುವ ಹಕ್ಕಿಗಳಿಂದಲೂ ಬಲ್ಲರು. ಸುತ್ತಲೂ ನೀರಾವರಿಯ ಗದ್ದೆಗಳಿರುವ ಇಂಥ ಊರಿನಲ್ಲಿ ರಾತ್ರಿ ನೆಲದ ಮೇಲೆ ಮಲಗಿದವನಿಗೆ ಕಟ್ಟುಹಾವು ಕಚ್ಚಿತೆಂದು ಭಾವಿಸೋಣ. ನೋವು ಹೆಚ್ಚಿರುವುದಿಲ್ಲ, ಗಾಯವೂ ಕಾಣದಿರಬಹುದು. ಮೊದಲು ರೆಪ್ಪೆಗಳು ಇಳಿಬೀಳುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಹೀಗೆ ಸೋತ ಸ್ನಾಯುಗಳನ್ನು ಪ್ರತಿವಿಷವೂ ಒಡನೆ ಎಬ್ಬಿಸಲಾರದು. ಆದರೆ ಕೆಲವು ದಿನಗಳ ಕಾಲ ಬೇರೊಬ್ಬರು ಅವನ ಪರವಾಗಿ ಉಸಿರಾಡಿಸಿದರೆ ಅವನು ಪೂರ್ಣ ಗುಣಮುಖನಾಗಿ ಹೊಲಕ್ಕೆ ಮರಳಬಲ್ಲನು. (ಹಾವಿನದು ದ್ವೇಷವಲ್ಲ, ಕತ್ತಲಲ್ಲಿ ಬೆದರಿದ ಜೀವಿಯ ಸ್ವಭಾವ.) ಮೈಸೂರಿನ ದೊಡ್ಡ ಆಸ್ಪತ್ರೆಯ ವೆಂಟಿಲೇಟರಿನವರೆಗೆ ಆ ಉಸಿರನ್ನು ತಲುಪಿಸುವ ಹೊಣೆ, 2008ರ ನವೆಂಬರಿನಲ್ಲಿ ಕರ್ನಾಟಕದಲ್ಲಿ ಆರಂಭವಾದ 108 ಸೇವೆಯಂಥ ವಾಹನದ ಸಿಬ್ಬಂದಿಯದು.

ಅವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಮುಖಕ್ಕೆ ಮಾಸ್ಕ್ ಒತ್ತಿಹಿಡಿದು ಆಂಬು ಬ್ಯಾಗನ್ನು ಹಿಚುಕುವುದು ಒಂದು. ಐ-ಜೆಲ್‌ನಂಥ ಸಾಧನವನ್ನು ಗಂಟಲಿಗೆ ಇಳಿಸಿ, ಧ್ವನಿಪೆಟ್ಟಿಗೆಯ ಬಾಯಿಯ ಮೇಲೆ ಕೂರಿಸುವುದು ಇನ್ನೊಂದು. ಈ ಬಗೆಯ ಸಾಧನಗಳ ಮೂಲ ಕಲ್ಪನೆ 1981ರಲ್ಲಿ ಲಂಡನ್ನಿನ ವೈದ್ಯ ಆರ್ಚಿ ಬ್ರೇನ್ ಅವರಿಗೆ ಹೊಳೆದದ್ದು. ಲ್ಯಾರಿಂಗೋಸ್ಕೋಪಿನಿಂದ ನಾಲಗೆಯನ್ನು ಎತ್ತಿ ಶ್ವಾಸನಾಳದೊಳಕ್ಕೇ ಕೊಳವೆ ಹಾಕುವ ಇನ್‌ಟ್ಯೂಬೇಶನ್ ಮೂರನೆಯದು. ಇದರಲ್ಲಿಯೂ ಕವಲುಗಳು: ಮಿಲ್ಲರ್ 1941ರಲ್ಲಿ ತಂದ ನೇರ ಅಲಗು, ಮ್ಯಾಕಿಂಟಾಷ್ 1943ರಲ್ಲಿ ತಂದ ಬಾಗಿದ ಅಲಗು, ಈಚಿನ ವಿಡಿಯೋ ಯಂತ್ರ, ಕೊಳವೆಗೆ ದಾರಿ ತೋರಲು ಸ್ಟೈಲೆಟ್ ಎಂಬ ತಂತಿ ಅಥವಾ ಬೂಜಿ ಎಂಬ ಉದ್ದನೆಯ ಬಳುಕುವ ಕಡ್ಡಿ. ಕನ್ನಡಿಯಲ್ಲಿ ತನ್ನದೇ ಧ್ವನಿತಂತುಗಳನ್ನು 1854ರಲ್ಲಿ ನೋಡಿ ಈ ವಿದ್ಯೆಗೆಲ್ಲ ಮೊದಲಿಟ್ಟವನು ವೈದ್ಯನಲ್ಲ, ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟರು ಎಂಬುದು ಸ್ವಾರಸ್ಯ.

ಪ್ರತಿಯೊಬ್ಬ ಪ್ಯಾರಾಮೆಡಿಕ್‌ಗೂ ಇವುಗಳಲ್ಲಿ ಒಂದು ಅಚ್ಚುಮೆಚ್ಚು. ಬಡಗಿಗೆ ತನ್ನ ಉಳಿ ಇದ್ದಂತೆ. ಈ ಒಲವು ದೋಷವೇ? ಕೇವಲ ಒಲವೆಂಬ ಕಾರಣಕ್ಕೆ ದೋಷವೆನ್ನಲಾಗದು. 2018ರಲ್ಲಿ ಅಮೆರಿಕದ ಒಂದು ತುರ್ತುಚಿಕಿತ್ಸಾ ವಿಭಾಗದಲ್ಲಿ ಬೂಜಿಯನ್ನೂ ಸ್ಟೈಲೆಟನ್ನೂ ಹೋಲಿಸಿದಾಗ, ಕಷ್ಟದ ಗಂಟಲಿನ ರೋಗಿಗಳಲ್ಲಿ ಮೊದಲ ಯತ್ನವೇ ಸಫಲವಾದದ್ದು ಬೂಜಿಯಿಂದ ಶೇ. 96, ಸ್ಟೈಲೆಟಿನಿಂದ ಶೇ. 82. ಬೂಜಿಯೇ ಶ್ರೇಷ್ಠವೆಂದು ತೀರ್ಮಾನವಾದಂತೆ ತೋರಿತು. ಆದರೆ 2021ರಲ್ಲಿ ಹಲವು ಆಸ್ಪತ್ರೆಗಳ 1,102 ರೋಗಿಗಳಲ್ಲಿ ನೋಡಿದಾಗ ಬೂಜಿಗೆ ಶೇ. 80.4, ಸ್ಟೈಲೆಟಿಗೆ ಶೇ. 83, ಭೇದವೆನ್ನುವಷ್ಟು ಭೇದವೇ ಇಲ್ಲ. ಮೊದಲಿನ ಆಸ್ಪತ್ರೆಯಲ್ಲಿ ಬೂಜಿ ದಿನನಿತ್ಯದ ಬಳಕೆಯ ವಸ್ತುವಾಗಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಕಡ್ಡಿ ಅದೇ, ಕೈ ಬೇರೆ. ಉಪಕರಣದ ಗುಣವು ಒಂದು ನಯದಿಂದ ಉಪಕರಣದಲ್ಲಿದೆ, ಇನ್ನೊಂದು ನಯದಿಂದ ಹಿಡಿದವನ ಅಭ್ಯಾಸದಲ್ಲಿದೆ. ಆದ್ದರಿಂದ ಪಳಗಿದ ಕೈ ತಾನು ಪಳಗಿದ ಸಾಧನವನ್ನೇ ಬಯಸುವುದು ಎಚ್ಚರದ ಲಕ್ಷಣ.

ಎಚ್ಚರವು ಮೋಹವಾಗಿ ತಿರುಗುವ ಜಾಗ ಬೇರೆಯೇ ಇದೆ. ಇನ್‌ಟ್ಯೂಬೇಶನ್ ಕಠಿಣ ವಿದ್ಯೆ. ಬಲ್ಲವನಿಗೆ ಗೌರವ ಹೆಚ್ಚು. ಆಂಬು ಬ್ಯಾಗ್ ಒತ್ತುವವನನ್ನು ಯಾರೂ ಹೊಗಳುವುದಿಲ್ಲ. ಇಂಗ್ಲೆಂಡಿನಲ್ಲಿ ಆಂಬುಲೆನ್ಸ್ ಸಿಬ್ಬಂದಿ ನೋಡಿಕೊಂಡ, ಹೃದಯ ನಿಂತ 9,296 ರೋಗಿಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಬುದ್ಧಿ-ಚೈತನ್ಯಗಳು ಚೆನ್ನಾಗಿ ಉಳಿದವರು ಐ-ಜೆಲ್ ಪಂಗಡದಲ್ಲಿ ಶೇ. 6.4, ಕೊಳವೆಯ ಪಂಗಡದಲ್ಲಿ ಶೇ. 6.8. ಸುಲಭ ಸಾಧನ ಹಿಂದೆ ಬೀಳಲಿಲ್ಲ, ಕಠಿಣ ಸಾಧನ ಮುಂದೆ ಬರಲಿಲ್ಲ. ಹಾಗೆಂದು ಸುಲಭವಾದುದೇ ಸದಾ ಸಾಕೆನ್ನುವುದೂ ಏಕಾಂತವಾದವೇ. ಕ್ರಿಮಿನಾಶಕ ಕುಡಿದವನ ಬಾಯಿಯಲ್ಲಿ ನೊರೆ, ವಾಂತಿ ಉಕ್ಕುತ್ತಿರುವಾಗ ಶ್ವಾಸಕೋಶವನ್ನು ಕೊಳವೆಯಷ್ಟು ಚೆನ್ನಾಗಿ ಕಾಯುವುದು ಬೇರೊಂದಿಲ್ಲ.

ಹಿಂಸೆಯನ್ನು ನಿರ್ಣಯಿಸುವಾಗ ಆಚಾರ್ಯರು ಪ್ರಾಣಹಾನಿಯನ್ನಷ್ಟೇ ಅಲ್ಲದೆ ಅದರ ಬೆನ್ನಿಗಿರುವ ಪ್ರಮಾದವನ್ನೂ ನೋಡಿದರು. ಮೊದಲ ಯತ್ನ ತಪ್ಪುವುದು ಪ್ರಮಾದವಲ್ಲ. ಎರಡನೆಯದೂ ತಪ್ಪಿ, ರೋಗಿಯ ತುಟಿ ನೀಲಿಯಾಗುತ್ತಿರುವಾಗ, ಪಕ್ಕದಲ್ಲಿ ಆಂಬು ಬ್ಯಾಗ್ ಇದ್ದೂ ‘ಇನ್ನೊಮ್ಮೆ ನೋಡುತ್ತೇನೆ’ ಎನ್ನುವಲ್ಲಿ ಮಾನಕಷಾಯವು ಉಸಿರಿಗಿಂತ ಮುಂದೆ ಬಂದು ನಿಂತಿರುತ್ತದೆ. ಕೊಳವೆ ಅನ್ನನಾಳಕ್ಕೆ ಹೋದರೂ ಹಾಕಿದವನಿಗೆ ಸರಿಯಾಗಿಯೇ ಹೋಯಿತೆಂದು ಅನ್ನಿಸಬಹುದು. ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಇಂಥಲ್ಲಿ ನಿರ್ದಾಕ್ಷಿಣ್ಯವಾಗಿ ಸತ್ಯ ನುಡಿಯುತ್ತದೆ. ‘ನನ್ನ ಕಣ್ಣಾರೆ ಕಂಡೆ’ ಎಂಬ ಮಾತಿಗಿಂತ ಆ ಗೆರೆಯನ್ನು ನಂಬುವುದಕ್ಕೆ ಸ್ವಲ್ಪ ವಿನಯ ಬೇಕು.

ದಾನ ನೀಡುವವರಿಗೂ ಈ ಮೋಹ ತಗಲದಿರದು. ಬಸದಿಗಳ ಟ್ರಸ್ಟುಗಳು ಔಷಧದಾನದ ಹೆಸರಿನಲ್ಲಿ ಆಂಬುಲೆನ್ಸಿಗೋ ಆಸ್ಪತ್ರೆಗೋ ಉಪಕರಣ ಕೊಡುವಾಗ ಪರದೆಯುಳ್ಳ, ಹೊಳೆಯುವ, ದಾನಿಯ ಹೆಸರು ಕೆತ್ತಿಸಬಹುದಾದ ಯಂತ್ರದತ್ತಲೇ ಮನಸ್ಸು ವಾಲುತ್ತದೆ. ವಿಡಿಯೋ ಲ್ಯಾರಿಂಗೋಸ್ಕೋಪ್ ನಿಷ್ಪ್ರಯೋಜಕವೆಂದಲ್ಲ; 2023ರಲ್ಲಿ ಪ್ರಕಟವಾದ, 1,417 ರೋಗಿಗಳ ಅಮೆರಿಕದ ಪರೀಕ್ಷೆಯಲ್ಲಿ ಅದರಿಂದ ಮೊದಲ ಯತ್ನದ ಯಶಸ್ಸು ಶೇ. 85.1, ಹಳೆಯ ಕ್ರಮದಲ್ಲಿ ಶೇ. 70.8. ಆದರೆ ಅಲ್ಲಿ ಕೊಳವೆ ಹಾಕಿದವರು ಆಸ್ಪತ್ರೆಯೊಳಗಿನ ವೈದ್ಯರು, ಬಹುಪಾಲು ತರಬೇತಿಯಲ್ಲಿದ್ದವರು. ಹಳ್ಳಿಯ ರಸ್ತೆಯಲ್ಲಿ ಓಲಾಡುವ ವಾಹನದ ಒಂಟಿ ಸಿಬ್ಬಂದಿಯಲ್ಲ. ಔಷಧದಾನದ ಜೊತೆಯಲ್ಲೇ ಶಾಸ್ತ್ರದಾನವೆಂಬುದೂ ಇದೆ. ಗೊಂಬೆಯ ಮೇಲೆ ವರ್ಷವಿಡೀ ಅಭ್ಯಾಸ ಮಾಡಿಸುವ ವೆಚ್ಚ ಆ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೆ ಫಲಕ ಹಾಕಿಸಲು ಜಾಗವಿರುವುದಿಲ್ಲ, ಆದ್ದರಿಂದಲೇ ದಾನಿಗಳು ವಿರಳ.

ಟ್ರಸ್ಟಿನ ಸಭೆಯಲ್ಲಿ ಕೊಟೇಶನ್ ನೋಡುವ ಮುನ್ನ ವಾಹನದ ಸಿಬ್ಬಂದಿಯನ್ನೇ ಕರೆದು ಕೇಳಬಹುದು: ನಿಮ್ಮ ಕೈ ಯಾವುದರಲ್ಲಿ ಪಳಗಿದೆ? ಬ್ಯಾಟರಿ ಮುಗಿದ ರಾತ್ರಿ ಏನು ಮಾಡುತ್ತೀರಿ? ಕಫ ಸೆಳೆಯುವ ಸಕ್ಷನ್ ಯಂತ್ರ ಕೊನೆಯ ಸಲ ಕೆಲಸ ಮಾಡಿದ್ದು ಯಾವಾಗ? ಕೂಸುಗಳ ಅಳತೆಯ ಮಾಸ್ಕ್ ಪೆಟ್ಟಿಗೆಯಲ್ಲಿದೆಯೇ?