ಬರೆಯದೆ ಬಿಟ್ಟ ಬ್ರೇಕ್

ಸಿ ಭಾಷೆಯ ಸ್ವಿಚ್ ಒಂದನ್ನು ಗೋ ಭಾಷೆಗೆ ತರುವುದು ನೋಡುವುದಕ್ಕೆ ನಕಲು ಮಾಡುವಷ್ಟೇ ಸುಲಭ. ಅದೇ ಸ್ವಿಚ್, ಅದೇ ಕೇಸ್, ಅದೇ ಡಿಫಾಲ್ಟ್. ಆದರೆ ಸಿಯಲ್ಲಿ ಒಂದು ಕೇಸಿನ ಕೊನೆಗೆ ಬ್ರೇಕ್ ಬರೆಯದಿದ್ದರೆ ಪ್ರೋಗ್ರಾಂ ನಿಲ್ಲದೆ ಮುಂದಿನ ಕೇಸಿಗೆ ಇಳಿಯುತ್ತದೆ. ಗೋದಲ್ಲಿ ಏನೂ ಬರೆಯದಿದ್ದರೆ ಅಲ್ಲಿಗೇ ಮುಗಿಯಿತು. ಇಳಿಯಬೇಕಾದರೆ ಫಾಲ್‌ಥ್ರೂ ಎಂದು ಬಾಯಿಬಿಟ್ಟು ಹೇಳಬೇಕು.

ನನ್ನನ್ನು ಕಾಡುವುದು ಸಿಯ ಆ ಮೌನ. ಹಳೆಯ ಕೋಡಿನಲ್ಲಿ ಬ್ರೇಕ್ ಕಾಣದಿದ್ದಾಗ, ಬರೆದವರು ಬೇಕೆಂದೇ ಬಿಟ್ಟರೋ, ಮರೆತರೋ? ಯಂತ್ರಕ್ಕೆ ಎರಡೂ ಒಂದೇ. ಹಾಗಿದ್ದರೆ ಭಾಷೆ ಬದಲಿಸುವವರು ಯಾವುದಕ್ಕೆ ನಿಷ್ಠರಾಗಿರಬೇಕು: ಕೋಡ್ ಮಾಡುತ್ತಿರುವ ಕೆಲಸಕ್ಕೋ, ಬರೆದವರ ಮನಸ್ಸಿನಲ್ಲಿದ್ದುದಕ್ಕೋ? ಮರೆವನ್ನೂ ಹಾಗೆಯೇ ದಾಟಿಸಿದರೆ ಗೋದಲ್ಲಿ ಅದರ ಮೇಲೆ ಫಾಲ್‌ಥ್ರೂ ಎಂಬ ಮುದ್ರೆ ಬೀಳುತ್ತದೆ, ಮುಂದೆ ಓದುವವರು ಅದನ್ನು ಯೋಚಿಸಿ ಮಾಡಿದ್ದೆಂದೇ ನಂಬುತ್ತಾರೆ. ತಿದ್ದಿದರೆ, ಆ ತಪ್ಪಿಗೇ ಹೊಂದಿಕೊಂಡು ವರ್ಷಗಟ್ಟಲೆ ನಡೆದುಬಂದ ಇನ್ನೊಂದು ಪ್ರೋಗ್ರಾಂ ಕೆಡಬಹುದು. ಈ ಇಕ್ಕಟ್ಟಿಗೆ ಎಲ್ಲ ಕಡೆಗೂ ಸಲ್ಲುವ ಉತ್ತರ ಇದೆ ಎಂದು ನನಗನ್ನಿಸುವುದಿಲ್ಲ.

ಬ್ರೇಕ್ ಎಂಬುದು ಚಿಕ್ಕ ಸಂಗತಿ ಎನ್ನುವವರಿಗೆ 1990ರ ಜನವರಿ 15 ನೆನಪಿರಲಿ. ಅಂದು ಅಮೆರಿಕದಲ್ಲಿ ಎಟಿ ಅಂಡ್ ಟಿಯ ದೂರವಾಣಿ ಜಾಲ ಸುಮಾರು ಒಂಬತ್ತು ಗಂಟೆ ತತ್ತರಿಸಿತು. ಮೂಲದಲ್ಲಿ ಇದ್ದದ್ದು ಸಿ ಕೋಡಿನ ಸ್ವಿಚ್ ಒಳಗೆ, ಒಂದು ಇಫ್‌ನಲ್ಲಿ ಕೂತಿದ್ದ ಬ್ರೇಕ್. ಅದು ಇಫ್ ಅನ್ನಷ್ಟೇ ದಾಟದೆ ಇಡೀ ಸ್ವಿಚ್ಚಿನಿಂದಲೇ ಹೊರಬಿತ್ತು.

ಲಿನಕ್ಸ್ ಕರ್ನಲ್‌ನವರು ಮಾಡಿದ ಕೆಲಸವನ್ನು ನಾನು ತುಂಬ ಗೌರವದಿಂದ ಕಾಣುತ್ತೇನೆ. ಅವರು ಸಿ ಬಿಟ್ಟು ಹೋಗಲಿಲ್ಲ. ಬ್ರೇಕ್ ಇಲ್ಲದ ಜಾಗಗಳನ್ನು ಒಂದೊಂದಾಗಿ ಓದಿ, ಬೇಕೆಂದೇ ಬಿಟ್ಟಲ್ಲಿ ಗುರುತು ಹಾಕಿದರು, ಮರೆತಲ್ಲಿ ಬ್ರೇಕ್ ಸೇರಿಸಿದರು. ನಿಜವಾದ ದೋಷಗಳೇ ಕೈಗೆ ಸಿಕ್ಕವು. 2019ರಲ್ಲಿ ಬಂದ 5.3ನೇ ಆವೃತ್ತಿಯಿಂದ, ಗುರುತಿಲ್ಲದೆ ಇಳಿಯುವ ಕೇಸ್ ಕಂಡರೆ ಕಂಪೈಲರ್ ಎಚ್ಚರಿಸುತ್ತದೆ. ಇನ್ನೊಬ್ಬರ ಮನಸ್ಸಿನಲ್ಲಿ ಏನಿತ್ತೆಂದು ಅಷ್ಟು ತಾಳ್ಮೆಯಿಂದ ವಿಚಾರಿಸುವುದು ನಮ್ಮ ಈ ಕಸುಬಿನಲ್ಲಿ ಅಪರೂಪ.

ಬೆಂಗಳೂರಿನ ಕಚೇರಿಗಳಲ್ಲಿ ಹಳೆಯ ಕೋಡನ್ನು ಹೊಸ ಭಾಷೆಗೆ ತರಲು ಕೂತಿರುವ ಗೆಳೆಯರೇ, ಪರಿವರ್ತನೆಯ ಸಾಫ್ಟ್‌ವೇರ್ ಕೊಟ್ಟದ್ದನ್ನು ಓದದೆ ಒಪ್ಪಬೇಡಿ. ಮೂಲ ಬರೆದವರು ಸಿಕ್ಕರೆ ಕೇಳಿ. ಸಿಗದಿದ್ದರೆ, ನೀವು ಏನೆಂದು ಊಹಿಸಿದಿರಿ, ಏಕೆ ಹಾಗೆ ಊಹಿಸಿದಿರಿ ಎಂಬುದನ್ನು ಆ ಸಾಲಿನ ಪಕ್ಕದಲ್ಲೇ ಕಾಮೆಂಟ್ ಮಾಡಿ ಬರೆದಿಡಿ.